ಮುಂದಿನ ಚಕ್ರ ಹೊರಳಬೇಕು, ಎಳೆಯಲೂ ಬೇಕು: ಕ್ಲಿಂಟನ್‌ವಿಲ್ ಕುಲುಮೆಯಲ್ಲಿ ಹುಟ್ಟಿದ ಫೋರ್ ವೀಲ್ ಲಾರಿ

1908ರ ಡಿಸೆಂಬರ್ 29ರಂದು ಅಮೆರಿಕದ ಪೇಟೆಂಟ್ ಕಚೇರಿ 9,07,940 ನಂಬರಿನ ಪೇಟೆಂಟ್ ಒಂದನ್ನು ಕೊಟ್ಟಿತು. ಪಡೆದವನು ಒಟ್ಟೊ ಜಾಕೋ. ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಎಂಬ ಊರಿನ ಕಮ್ಮಾರ, ಮೆಕ್ಯಾನಿಕ್. ಊರಿನ ಜನಸಂಖ್ಯೆ ಆಗ ಎರಡು ಸಾವಿರದ ಆಸುಪಾಸು. ಜಾಕೋ ತನ್ನ ಬಾಮೈದ ವಿಲಿಯಂ ಬೆಸ್ಸರ್‌ಡಿಕ್ ಜೊತೆ ಅಲ್ಲೊಂದು ಮೆಷಿನ್ ಶಾಪ್ ನಡೆಸುತ್ತಿದ್ದ. ರೈತರ ಯಂತ್ರಗಳ ರಿಪೇರಿ, ಕುಲುಮೆ ಕೆಲಸ, ಹೊಸದಾಗಿ ಬರುತ್ತಿದ್ದ ಕಾರುಗಳ ಮಾರಾಟ, ರಿಪೇರಿ. ಹೀಗೆ ಕೈಗೆ ಸಿಕ್ಕಿದ ಕೆಲಸ ಮಾಡಿಕೊಂಡಿದ್ದ ಅಂಗಡಿ ಅದು.

ಆ ಪೇಟೆಂಟಿನಲ್ಲಿ ಇದ್ದದ್ದು ಒಂದು ಕೀಲು. ಕಾರಿನ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ಹೊರಳುತ್ತಿರುವಾಗಲೇ ಅದಕ್ಕೆ ಇಂಜಿನ್‌ನ ಬಲವನ್ನು ತಲುಪಿಸುವ ಕೀಲು. ಹತ್ತು ವರ್ಷದೊಳಗೆ ಆ ಕೀಲನ್ನು ಹೊತ್ತ ಲಾರಿಗಳು ಫ್ರಾನ್ಸಿನ ಕೆಸರಲ್ಲಿ ಫಿರಂಗಿ ಎಳೆಯುತ್ತಿದ್ದವು. ಅಷ್ಟು ಬೇಗ ಅದು ಹೇಗಾಯಿತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಫೋರ್ ವೀಲ್ ಡ್ರೈವ್ ಅಂದರೆ ಎಲ್ಲರ ಕಣ್ಣು ಇಂಜಿನ್ ಮೇಲೆ, ಟೈರ್ ಮೇಲೆ, ಗೇರ್ ಪಕ್ಕದ ಸಣ್ಣ ಲಿವರ್ ಮೇಲೆ ಹೋಗುತ್ತದೆ. ನನಗೆ ಅನ್ನಿಸುವುದು ಬೇರೆ. ಇದರ ಕತೆ ಎರಡು ಜಾಗದಲ್ಲಿ ತಿರುವು ಪಡೆಯಿತು. ಒಂದು, ಮುಂದಿನ ಚಕ್ರದ ಆ ಗಂಟಿನಲ್ಲಿ. ಇನ್ನೊಂದು, ಇದು ಕಾರಿಗಲ್ಲ, ಲಾರಿಗೆ ಬೇಕಾದದ್ದು ಎಂದು ಅರಿವಾದ ದಿನ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ನಾಲ್ಕೂ ಚಕ್ರ ಓಡಿಸುವ ಯೋಚನೆ ಕ್ಲಿಂಟನ್‌ವಿಲ್‌ನಲ್ಲಿ ಹುಟ್ಟಿದ್ದಲ್ಲ. 1893ರಲ್ಲೇ ಇಂಗ್ಲೆಂಡಿನ ಬ್ರಾಮಾ ಡಿಪ್ಲಾಕ್ ಉಗಿಯಿಂದ ಓಡುವ ಎಳೆಗಾಡಿಗೆ ಇಂಥದ್ದೊಂದು ಪೇಟೆಂಟ್ ಪಡೆದಿದ್ದ. 1903ರಲ್ಲಿ ನೆದರ್ಲೆಂಡ್ಸ್‌ನ ಸ್ಪೈಕರ್ ಕಂಪನಿ ನಾಲ್ಕು ಚಕ್ರವೂ ಎಳೆಯುವ ರೇಸ್ ಕಾರು ಕಟ್ಟಿತು. ಅಮೆರಿಕದಲ್ಲೇ ಪೆನ್ಸಿಲ್ವೇನಿಯಾದ ಬ್ರೂಕ್‌ವಿಲ್‌ನಲ್ಲಿ ರಾಬರ್ಟ್ ಟ್ವೈಫರ್ಡ್ ಪ್ರಯತ್ನಿಸಿದ್ದ. ಕಪಲ್ ಗೇರ್ ಎಂಬ ಕಂಪನಿ ಚಕ್ರದೊಳಗೇ ಎಲೆಕ್ಟ್ರಿಕ್ ಮೋಟರ್ ಇಟ್ಟು ಲಾರಿ ಮಾಡುತ್ತಿತ್ತು. ಇವೆಲ್ಲ ಜಾಣತನದ ಕೆಲಸಗಳೇ. ಆದರೆ ಸಾವಿರಗಟ್ಟಲೆ ತಯಾರಾಗಿ, ಸಾಮಾನ್ಯ ಡ್ರೈವರ್ ಕೈಗೆ ಸಿಕ್ಕಿ, ಕೆಸರಲ್ಲಿ ವರ್ಷಗಟ್ಟಲೆ ದುಡಿಯುವ ಮಟ್ಟಕ್ಕೆ ಅವು ಬರಲಿಲ್ಲ.

ಕೆಸರಿನ ದೇಶ

ಆ ಕಾಲದ ಅಮೆರಿಕದ ರಸ್ತೆಗಳನ್ನು ಕಣ್ಣ ಮುಂದೆ ತಂದುಕೊಳ್ಳದೆ ಈ ಪ್ರಕರಣ ಅರ್ಥವಾಗುವುದಿಲ್ಲ. 1904ರಲ್ಲಿ ಸರ್ಕಾರ ಮೊದಲ ಸಲ ದೇಶದ ರಸ್ತೆಗಳ ಲೆಕ್ಕ ಹಾಕಿತು. ಒಟ್ಟು ಸುಮಾರು 21.5 ಲಕ್ಷ ಮೈಲಿ. ಅದರಲ್ಲಿ ಜಲ್ಲಿಯೋ ಕಲ್ಲೋ ಏನಾದರೂ ಹಾಸಿದ್ದ ರಸ್ತೆ ಶೇ. 7 ಮಾತ್ರ. ಉಳಿದದ್ದೆಲ್ಲ ಬರೀ ಮಣ್ಣು. ವಿಸ್ಕಾನ್ಸಿನ್‌ನಲ್ಲಿ ಚಳಿಗಾಲವೆಂದರೆ ಹಿಮ. ಹಿಮ ಕರಗಿದರೆ ಕೆಸರು. ಕೆಸರು ಒಣಗಿದರೆ ಗಾಡಿಜಾಡಿನ ಹಳ್ಳ, ಮರಳು. ಆಗಿನ ಕಾರುಗಳಿಗೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ. ಲಾರಿಗಳಿಗಂತೂ ಗಾಳಿ ತುಂಬದ ಗಟ್ಟಿ ರಬ್ಬರ್ ಟೈರು. ಒಂದು ಚಕ್ರ ಹೂತರೆ ಮುಗಿಯಿತು, ಕುದುರೆ ಕರೆಸಬೇಕು.

ಜಾಕೋಗೆ ಈ ಯೋಚನೆ ಹೊಳೆದದ್ದರ ಬಗ್ಗೆ ಕಂಪನಿಯವರು ಮೊದಲಿನಿಂದಲೂ ಹೇಳುತ್ತ ಬಂದಿರುವ ಕತೆಯೊಂದಿದೆ. ಒಂದು ದಿನ ಅವನ ಕಾರು ಮರಳು ತುಂಬಿದ ಏರಿನಲ್ಲಿ ಸಿಕ್ಕಿಕೊಂಡಿತು. ಮುಂದಕ್ಕೆ ಎಷ್ಟು ಓಡಿಸಿದರೂ ಹತ್ತಲಿಲ್ಲ. ಕೊನೆಗೆ ಕಾರನ್ನು ತಿರುಗಿಸಿ ರಿವರ್ಸ್ ಗೇರ್‌ನಲ್ಲಿ ಹತ್ತಿಸಿದ. ಹತ್ತಿತು. ಯಾಕೆ ಹತ್ತಿತು ಎಂದು ಅವನು ತಲೆ ಕೆಡಿಸಿಕೊಂಡ.

ಕತೆಯ ಹಿಂದಿನ ತರ್ಕ ಸರಳ. ಹಿಂದಿನ ಚಕ್ರ ತಳ್ಳುವಾಗ ಮುಂದಿನ ಚಕ್ರ ಸುಮ್ನೆ ಉರುಳುತ್ತದೆ. ಎದುರಿಗೆ ಮೆತ್ತನೆ ಮರಳು ಬಂದರೆ ಅದು ಮರಳಿನೊಳಗೆ ಮೂಗು ಹೂಳುತ್ತದೆ. ಹಿಂದಿನಿಂದ ಎಷ್ಟು ತಳ್ಳಿದರೂ ಇನ್ನೂ ಒಳಕ್ಕೇ ಇಳಿಯುತ್ತದೆ. ಅದೇ ಎದುರಿನ ಚಕ್ರಕ್ಕೇ ಬಲವಿದ್ದರೆ? ಅದು ಅಡ್ಡಿಯನ್ನು ತಳ್ಳುವುದಿಲ್ಲ, ಅದರ ಮೇಲೆ ಹತ್ತುತ್ತದೆ. ರಿವರ್ಸ್‌ನಲ್ಲಿ ಹೋದಾಗ ಬಲ ಇದ್ದ ಚಕ್ರ ಮುಂದಾಯಿತು, ಅಷ್ಟೆ. ಹಾಗಾದರೆ ಮುಂದೆಯೂ ಹಿಂದೆಯೂ ಬಲ ಕೊಟ್ಟರೆ? ಗಾಡಿಯ ಇಡೀ ಭಾರ ಹಿಡಿತಕ್ಕೆ ಕೆಲಸಕ್ಕೆ ಬರುತ್ತದೆ. ಎರಡೇ ಚಕ್ರಕ್ಕೆ ಬಲ ಇದ್ದಾಗ ಉಳಿದೆರಡರ ಮೇಲಿನ ಭಾರ ಎಳೆತಕ್ಕೆ ದಂಡ.

ಆ ಕೀಲು

ಇಲ್ಲಿಗೆ ಬಂದು ನಿಂತವರು ಬಹಳ ಮಂದಿ. ಹಿಂದಿನ ಆಕ್ಸಲ್‌ಗೆ, ಅಂದರೆ ಎರಡು ಚಕ್ರ ಕೂಡಿಸುವ ಅಚ್ಚಿಗೆ, ಬಲ ಕೊಡುವುದು ಸುಲಭ, ಅದು ನೆಟ್ಟಗೆ ಇರುತ್ತದೆ. ಮುಂದಿನದು ಹೊರಳಬೇಕು. ಹೊರಳುವ ಚಕ್ರಕ್ಕೆ ನೆಟ್ಟಗಿನ ಕಬ್ಬಿಣದ ಸರಳಿನಿಂದ ಬಲ ಕೊಡುವುದು ಹೇಗೆ? ಸರಳಿನ ನಡುವೆ ಯೂನಿವರ್ಸಲ್ ಜಾಯಿಂಟ್ ಹಾಕಬೇಕು. ಅದು ಆಗಲೇ ಗೊತ್ತಿದ್ದ ಕೀಲು. ಎರಡು ಕವೆಗಳು, ನಡುವೆ ಕೂಡಿಸುವ ಭಾಗ. ಕಷ್ಟ ಇರುವುದು ಕೀಲಿನಲ್ಲಲ್ಲ, ಅದು ಕೂರಬೇಕಾದ ಜಾಗದಲ್ಲಿ. ಲಾರಿಯ ಮುಂಭಾಗದ ಭಾರವೆಲ್ಲ ಅಲ್ಲೇ ಬೀಳುತ್ತದೆ. ಚಕ್ರ ಹೊರಳುವುದೂ ಅಲ್ಲೇ. ಬಲ ಹಾಯುವುದೂ ಅಲ್ಲೇ. ಕೆಸರು, ಮರಳು, ನೀರು ಬಡಿಯುವುದೂ ಅಲ್ಲೇ. ಒಂದು ಹಿಡಿ ಜಾಗದಲ್ಲಿ ನಾಲ್ಕು ಕೆಲಸ.

ಜಾಕೋ ಮಾಡಿದ್ದು ಇಷ್ಟು. ಎರಡು ಕವೆಗಳ ಜಾಯಿಂಟನ್ನು ಟೊಳ್ಳಾದ ಉಕ್ಕಿನ ಗೋಳದೊಳಗೆ ಕೂರಿಸಿದ. ಆ ಗೋಳ ಒಂದು ಬಟ್ಟಲಿನಲ್ಲಿ ಹೊರಳುವಂತೆ ಮಾಡಿದ. ನಮ್ಮ ತೊಡೆಯ ಮೂಳೆ ಸೊಂಟದ ಗುಳಿಯಲ್ಲಿ ಕೂತು ಹೊರಳುತ್ತದಲ್ವಾ, ಹಾಗೆ. ಭಾರವನ್ನು ಗೋಳ ಮತ್ತು ಬಟ್ಟಲು ಹೊರುತ್ತವೆ. ಒಳಗಿನ ಜಾಯಿಂಟ್‌ಗೆ ಬಲ ಸಾಗಿಸುವುದೊಂದೇ ಕೆಲಸ. ಚಕ್ರ ಹೊರಳುವ ಗೆರೆ ಜಾಯಿಂಟಿನ ನಡುವೆಯೇ ಹಾದುಹೋಗುತ್ತದೆ, ಹಾಗಾಗಿ ಹೊರಳಿದಾಗ ಸರಳು ಜಗ್ಗುವುದಿಲ್ಲ. ಗ್ರೀಸ್ ಒಳಗೆ ಉಳಿಯುತ್ತದೆ, ಕೆಸರು ಹೊರಗೆ ಉಳಿಯುತ್ತದೆ. ಹಳೆಯ ಜೀಪಿನ ಮುಂದಿನ ಆಕ್ಸಲ್ ತುದಿಯಲ್ಲಿ ಗ್ರೀಸ್ ಮೆತ್ತಿದ ಉಕ್ಕಿನ ಗುಂಡು ಕಾಣುತ್ತದಲ್ಲ, ಅದೂ ಇದೇ ಬಗೆಯ ಉಪಾಯ. ಕೊಡಗು, ಚಿಕ್ಕಮಗಳೂರು ಕಡೆಯ ಎಸ್ಟೇಟ್ ಜೀಪಿನ ಅಡಿ ಬಗ್ಗಿ ನೋಡಿದವರಿಗೆ ಅದು ಗೊತ್ತಿರುತ್ತದೆ.

ಒಂದು ಕುಂದು ಉಳಿಯಿತು. ಕವೆಯ ಜಾಯಿಂಟ್ ಬಾಗಿದಾಗ ಒಂದೇ ವೇಗದಲ್ಲಿ ಬಲ ಕೊಡುವುದಿಲ್ಲ. 30 ಡಿಗ್ರಿ ಬಾಗಿಸಿದರೆ, ಒಂದು ಸುತ್ತಿನಲ್ಲಿ ಎರಡು ಸಲ ಆಚೆ ಬದಿ ಸುಮಾರು ಶೇ. 15ರಷ್ಟು ವೇಗವಾಗಿ, ಮತ್ತೆರಡು ಸಲ ಸುಮಾರು ಶೇ. 13ರಷ್ಟು ನಿಧಾನವಾಗಿ ತಿರುಗುತ್ತದೆ. ವೇಗದ ಕಾರಿನಲ್ಲಿ ಇದು ಸ್ಟೇರಿಂಗ್ ಚಕ್ರವನ್ನು ಕೈಯಲ್ಲೇ ನಡುಗಿಸಿಬಿಡುತ್ತದೆ. ಗಂಟೆಗೆ ಹದಿನೈದು ಮೈಲಿ ಓಡುವ ಲಾರಿಗೆ ತಡೆದುಕೊಳ್ಳಬಹುದು. ಈ ಕುಂದಿಗೆ ಒಳ್ಳೆ ಉತ್ತರ ಸಿಕ್ಕಿದ್ದು 1920ರ ದಶಕದಲ್ಲಿ. ಫ್ರಾನ್ಸಿನಲ್ಲಿ ಟ್ರ್ಯಾಕ್ಟಾ ಜಾಯಿಂಟ್ ಬಂತು. ಅಮೆರಿಕದಲ್ಲಿ ಆಲ್ಫ್ರೆಡ್ ರ್‍ಜೆಪ್ಪಾ ಉಕ್ಕಿನ ಗುಂಡುಗಳನ್ನಿಟ್ಟು ಒಂದೇ ವೇಗದ ಜಾಯಿಂಟ್ ಮಾಡಿದ. ಇವತ್ತು ಮುಂದಿನ ಚಕ್ರ ಎಳೆಯುವ ನಮ್ಮ ಬಹುತೇಕ ಕಾರುಗಳಲ್ಲಿ ಇರುವುದು ಅದೇ ವಂಶದ ಜಾಯಿಂಟ್.

ಇನ್ನೊಂದು ಸಮಸ್ಯೆಯೂ ಇತ್ತು. ಲಾರಿ ತಿರುವಿನಲ್ಲಿ ಹೋಗುವಾಗ ಮುಂದಿನ ಚಕ್ರಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಚಿಕ್ಕದು. ಲೆಕ್ಕ ಹಾಕಿ ನೋಡಿ. ಎರಡು ಆಕ್ಸಲ್ ನಡುವೆ 10 ಅಡಿ ಇದೆ ಅಂದುಕೊಳ್ಳಿ. ಹಿಂದಿನ ಆಕ್ಸಲ್‌ನ ನಡುಭಾಗ 20 ಅಡಿ ತ್ರಿಜ್ಯದ ವೃತ್ತದಲ್ಲಿ ಹೋದರೆ, ಮುಂದಿನದು 22 ಅಡಿಗೂ ಜಾಸ್ತಿ ತ್ರಿಜ್ಯದಲ್ಲಿ ಹೋಗುತ್ತದೆ. ಪೂರ್ತಿ ಒಂದು ಸುತ್ತಿಗೆ ಸುಮಾರು 15 ಅಡಿ ವ್ಯತ್ಯಾಸ. ಎರಡೂ ಆಕ್ಸಲನ್ನು ಬಿಗಿಯಾಗಿ ಕಟ್ಟಿಬಿಟ್ಟರೆ ಆ 15 ಅಡಿಯ ಜಗ್ಗಾಟ ಎಲ್ಲಾದರೂ ತೀರಬೇಕು. ಟೈರು ಉಜ್ಜಬೇಕು, ಇಲ್ಲ ಏನಾದರೂ ಮುರಿಯಬೇಕು. ಇದಕ್ಕೆ ಕ್ಲಿಂಟನ್‌ವಿಲ್‌ನವರು ಗಾಡಿಯ ನಡುವೆ ಇನ್ನೊಂದು ಡಿಫರೆನ್ಶಿಯಲ್ ಇಟ್ಟರು, ಅಂದರೆ ಎರಡು ಕಡೆಗೆ ಬಲ ಹಂಚುವ ಗೇರುಗಳ ಜೋಡಣೆ. ನಾಲ್ಕೂ ಚಕ್ರಕ್ಕೆ ಯಾವಾಗಲೂ ಬಲ, ಆದರೆ ಮುಂದು ಹಿಂದು ಬೇರೆ ಬೇರೆ ವೇಗದಲ್ಲಿ ಸುತ್ತಬಹುದು. ಜಾರುವ ಜಾಗ ಬಂದರೆ ಡ್ರೈವರ್ ಅದನ್ನು ಲಾಕ್ ಮಾಡುತ್ತಾನೆ, ಆಗ ಎರಡೂ ಒಂದೇ ವೇಗದಲ್ಲಿ ಸುತ್ತುತ್ತವೆ. ಮುಂದೆ ಬಂದ ಜೀಪಿನಲ್ಲಿ ಈ ನಡುವಿನ ಡಿಫರೆನ್ಶಿಯಲ್ ಇರಲಿಲ್ಲ. ಅದಕ್ಕೇ ಮಲೆನಾಡಿನ ಡ್ರೈವರ್ ಕೆಸರು ದಾಟಿ ಟಾರು ಸಿಕ್ಕ ಕೂಡಲೇ ಫೋರ್ ವೀಲ್ ತೆಗೆಯುತ್ತಾನೆ.

ಕಾರು ಬಿಟ್ಟು ಲಾರಿ

1908ರಲ್ಲಿ ಅಂಗಡಿಯಲ್ಲಿ ಮೊದಲ ಗಾಡಿ ತಯಾರಾಯಿತು. ಮೊದಲು ಉಗಿ ಇಂಜಿನ್ ಹಾಕಿ ನೋಡಿದರು, ಅದು ಹೊಂದಲಿಲ್ಲ. ಪೆಟ್ರೋಲ್ ಇಂಜಿನ್ ಹಾಕಿದರು. ಆ ಗಾಡಿಗೆ 'ಬ್ಯಾಟಲ್‌ಶಿಪ್' ಅಂತ ಹೆಸರು ಬಿತ್ತು, ಅಂದರೆ ಯುದ್ಧನೌಕೆ. ಕೆಸರಿರಲಿ, ಮರಳಿರಲಿ, ಹಿಮವಿರಲಿ, ಅದು ಹೋಗುತ್ತಿತ್ತು. 1909ರಲ್ಲಿ ಬ್ಯಾಡ್ಜರ್ ಫೋರ್ ವೀಲ್ ಡ್ರೈವ್ ಆಟೊ ಕಂಪನಿ ಹುಟ್ಟಿತು. ದುಡ್ಡು ಹಾಕಿದವರು ಊರಿನವರೇ. ಮರುವರ್ಷ ಹೆಸರಿನಿಂದ ಬ್ಯಾಡ್ಜರ್ ಹೋಗಿ ಫೋರ್ ವೀಲ್ ಡ್ರೈವ್ ಆಟೊ ಕಂಪನಿ ಆಯಿತು. ಜನ ಎಫ್‌ಡಬ್ಲ್ಯೂಡಿ ಎಂದು ಕರೆದರು. ಊರಿನ ವಕೀಲ ವಾಲ್ಟರ್ ಓಲೆನ್ ಅಧ್ಯಕ್ಷನಾದ. ಅನೇಕ ವರ್ಷ ಅವನೇ ಚುಕ್ಕಾಣಿ ಹಿಡಿದ.

ಕಂಪನಿ ಮೊದಲು ಮಾರಲು ಹೊರಟದ್ದು ಕಾರು. ಅದು ನಡೆಯಲಿಲ್ಲ, ಬೆರಳೆಣಿಕೆಯಷ್ಟು ಕಾರು ಮಾತ್ರ ತಯಾರಾದವು. ಯಾಕೆ ಅಂತ ಯೋಚಿಸಿದರೆ ಕಾರಣ ಎದುರಿಗೇ ಇದೆ. 1908ರಲ್ಲೇ ಹೆನ್ರಿ ಫೋರ್ಡ್ ಮಾಡೆಲ್ ಟಿ ಕಾರನ್ನು 850 ಡಾಲರಿಗೆ ಇಳಿಸಿದ್ದ. ಹಗುರ ಗಾಡಿ, ಎತ್ತರದ ಗಾಡಿ. ಸಿಕ್ಕಿಕೊಂಡರೆ ನಾಲ್ಕು ಜನ ಸೇರಿ ಎತ್ತಿ ಈಚೆ ಇಡಬಹುದು. ನಾಲ್ಕು ಚಕ್ರದ ಡ್ರೈವ್ ಅಂದರೆ ಜಾಸ್ತಿ ಗೇರು, ಜಾಸ್ತಿ ಭಾರ, ಜಾಸ್ತಿ ಬೆಲೆ. ಭಾನುವಾರ ಹೆಂಡತಿ ಮಕ್ಕಳನ್ನು ಸುತ್ತಾಡಿಸುವವನಿಗೆ ಅದು ಬೇಡ. ಅವನು ಮಳೆ ಬಂದರೆ ಮನೆಯಲ್ಲಿರುತ್ತಾನೆ.

ಮಳೆ ಬಂದರೂ ಹೋಗಲೇಬೇಕಾದವನು ಯಾರು? ಸರಕು ಹೊತ್ತವನು. ಕಾಡಿನಿಂದ ಮರದ ದಿಮ್ಮಿ ತರುವವನು. ಸೈನ್ಯಕ್ಕೆ ಊಟ ಸಾಗಿಸುವವನು. ಮೂರು ಟನ್ ಭಾರ ಹೊತ್ತ ಲಾರಿ ಸಿಕ್ಕಿಕೊಂಡರೆ ಎತ್ತಲು ಆಗುವುದಿಲ್ಲ. ಅಲ್ಲಿ ಆ ಹೆಚ್ಚಿನ ಬೆಲೆಗೆ ಅರ್ಥವಿದೆ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಇದೇ ದೊಡ್ಡ ಹೆಜ್ಜೆ. ಕೀಲು ಕಂಡುಹಿಡಿದದ್ದು ಜಾಣತನ. ಅದು ಯಾರಿಗೆ ಬೇಕು ಎಂದು ಕಂಡುಕೊಳ್ಳದಿದ್ದರೆ ಜಾಕೋನ ಗಾಡಿಯೂ ಟ್ವೈಫರ್ಡ್‌ನ ಗಾಡಿಯ ಹಾಗೆ ಮರೆತುಹೋಗುತ್ತಿತ್ತು.

ಸೈನ್ಯ ತಾನಾಗಿಯೇ ಹತ್ತಿರ ಬಂತು. ಅಮೆರಿಕದ ಸೈನ್ಯದ ಸಾಮಾನು ಆಗ ಸಾಗುತ್ತಿದ್ದದ್ದು ಹೇಸರಗತ್ತೆಯ ಬಂಡಿಗಳಲ್ಲಿ. ಸರಬರಾಜು ವಿಭಾಗದ ಕ್ಯಾಪ್ಟನ್ ಅಲೆಕ್ಸಾಂಡರ್ ವಿಲಿಯಮ್ಸ್‌ಗೆ ಮೋಟರ್ ಲಾರಿಗಳ ಮೇಲೆ ನಂಬಿಕೆ ಇತ್ತು. ಅವನು ಎಫ್‌ಡಬ್ಲ್ಯೂಡಿಯ ಒಂದು ಕಾರನ್ನು ಕೊಳ್ಳಿಸಿ, ಅದರ ಮೇಲೆ ಸಾಮಾನಿನ ಪೆಟ್ಟಿಗೆ ಕೂರಿಸಿದ. 1912ರಲ್ಲಿ ಬೇರೆ ಕಂಪನಿಗಳ ಲಾರಿಗಳ ಜೊತೆ ಅದನ್ನು ಪರೀಕ್ಷೆಗೆ ಒಡ್ಡಿದ. ವಾಷಿಂಗ್ಟನ್‌ನಿಂದ ಹೊರಟು, ದಕ್ಷಿಣಕ್ಕೆ ಅಟ್ಲಾಂಟಾ ಸುತ್ತಿ, ಇಂಡಿಯಾನಾದ ಫೋರ್ಟ್ ಬೆಂಜಮಿನ್ ಹ್ಯಾರಿಸನ್‌ವರೆಗೆ ಸುಮಾರು 1,500 ಮೈಲಿ. ಮಳೆ, ಕೆಸರು, ಸೇತುವೆ ಇಲ್ಲದ ಹೊಳೆಗಳು. ಕ್ಲಿಂಟನ್‌ವಿಲ್‌ನ ಗಾಡಿ ಗುರಿ ಮುಟ್ಟಿತು.

ಅದೇ ವರ್ಷ ಕಂಪನಿ ಮಾಡೆಲ್ ಬಿ ತಂದಿತು. ಮೂರು ಟನ್ ಹೊರುವ ಲಾರಿ. ನಾಲ್ಕು ಸಿಲಿಂಡರ್ ಇಂಜಿನ್, ಮೂರು ಗೇರ್, ನಡುವೆ ಲಾಕ್ ಆಗುವ ಡಿಫರೆನ್ಶಿಯಲ್. ಗೇರ್ ಪೆಟ್ಟಿಗೆಯಿಂದ ಅಗಲವಾದ ಚೈನ್ ಮೂಲಕ ಬಲ ಇಳಿದು ಎರಡೂ ಆಕ್ಸಲ್‌ಗೆ ಹೋಗುತ್ತಿತ್ತು. ವೇಗ ಗಂಟೆಗೆ ಸುಮಾರು 16 ಮೈಲಿ. ಪವರ್ ಸ್ಟೇರಿಂಗ್ ಎಂಬುದಿಲ್ಲದ ಕಾಲ, ಹೊರಳಿಸಲು ತೋಳಿನ ಬಲ ಬೇಕಿತ್ತು.

ಯುದ್ಧ

1914ರಲ್ಲಿ ಯುರೋಪಿನಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಬ್ರಿಟನ್‌ನಿಂದ ಆರ್ಡರ್ ಬಂತು, ರಷ್ಯಾದಿಂದ ಬಂತು. ಬ್ರಿಟಿಷರು ಮಾಡೆಲ್ ಬಿ ಲಾರಿಗಳಿಂದ ಭಾರಿ ಫಿರಂಗಿಗಳನ್ನು ಎಳೆಸಿದರು. 1916ರಲ್ಲಿ ಜನರಲ್ ಪರ್ಶಿಂಗ್ ಅಲ್ಲಿನ ಬಂಡಾಯಗಾರ ಪಾಂಚೋ ವಿಲ್ಲಾನನ್ನು ಬೆನ್ನಟ್ಟಿ ಮೆಕ್ಸಿಕೊದೊಳಗೆ ನುಗ್ಗಿದಾಗ, ಅಮೆರಿಕದ ಸೈನ್ಯ ಮೊದಲ ಸಲ ದೊಡ್ಡ ಪ್ರಮಾಣದಲ್ಲಿ ಲಾರಿಗಳನ್ನು ನೆಚ್ಚಿಕೊಂಡಿತು. ಅಲ್ಲಿ ಎಫ್‌ಡಬ್ಲ್ಯೂಡಿ ಜೊತೆಗೆ ಜೆಫರಿ ಕ್ವಾಡ್ ಎಂಬ ಲಾರಿಯೂ ಇತ್ತು.

ಈ ಕ್ವಾಡ್ ಕೂಡ ವಿಸ್ಕಾನ್ಸಿನ್‌ನದ್ದೇ, ಕೆನೋಶಾ ಊರಿನದು. 1913ರಲ್ಲಿ ಬಂತು. ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಾಲ್ಕೂ ಚಕ್ರ ಎಳೆಯುತ್ತಿದ್ದವು, ನಾಲ್ಕಕ್ಕೂ ಬ್ರೇಕ್ ಇತ್ತು, ನಾಲ್ಕೂ ಹೊರಳುತ್ತಿದ್ದವು. ಆಕ್ಸಲ್‌ನ ಮೇಲೆ ಹಾದುಬಂದ ಶಾಫ್ಟ್ ಚಕ್ರದೊಳಗಿನ ಹಲ್ಲಿನ ಬಳೆಯನ್ನು ತಿರುಗಿಸುತ್ತಿತ್ತು. ಹಾಗಾಗಿ ಗಾಡಿಯ ಹೊಟ್ಟೆ ನೆಲದಿಂದ ಎತ್ತರದಲ್ಲಿರುತ್ತಿತ್ತು. ಕಂಪನಿಯ ಯಜಮಾನ ಚಾರ್ಲ್ಸ್ ಜೆಫರಿ 1915ರಲ್ಲಿ ಲೂಸಿಟಾನಿಯಾ ಹಡಗು ಮುಳುಗಿದಾಗ ಅದರಲ್ಲಿದ್ದು ಬದುಕಿ ಬಂದವನು. ಮರುವರ್ಷ ಅವನು ಕಂಪನಿಯನ್ನು ಚಾರ್ಲ್ಸ್ ನ್ಯಾಶ್‌ಗೆ ಮಾರಿದ. ಆಮೇಲೆ ಅದೇ ಲಾರಿ ನ್ಯಾಶ್ ಕ್ವಾಡ್ ಆಯಿತು.

1917ರಲ್ಲಿ ಅಮೆರಿಕವೂ ಯುದ್ಧಕ್ಕಿಳಿಯಿತು. ಎಫ್‌ಡಬ್ಲ್ಯೂಡಿಗೆ ಬಂದ ಆರ್ಡರ್ ಎಷ್ಟು ದೊಡ್ಡದೆಂದರೆ ಕ್ಲಿಂಟನ್‌ವಿಲ್‌ ಒಂದರಿಂದಲೇ ಆಗಲಿಲ್ಲ. ಕಿಸ್ಸೆಲ್, ಮಿಚೆಲ್, ಪ್ರೀಮಿಯರ್ ಕಂಪನಿಗಳೂ ಅದೇ ಲಾರಿಯನ್ನು ತಯಾರಿಸಿಕೊಟ್ಟವು. ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ಸೈನ್ಯಕ್ಕೆ 12 ಸಾವಿರಕ್ಕೂ ಹೆಚ್ಚು ಮಾಡೆಲ್ ಬಿ ಸಿಕ್ಕಿದ್ದವು.

ಗಂಡಸರು ಯುದ್ಧಕ್ಕೆ ಹೋದರು. ಕಾರ್ಖಾನೆಗೆ ಹೆಂಗಸರು ಬಂದರು. ಅವರಲ್ಲಿ ಲುಯೆಲ್ಲಾ ಬೇಟ್ಸ್ ಎಂಬ ಹುಡುಗಿ 1918ರಲ್ಲಿ ಮಾಡೆಲ್ ಬಿ ಲಾರಿಗಳ ಟೆಸ್ಟ್ ಡ್ರೈವರ್ ಆದಳು. ಕಾರ್ಖಾನೆಯಿಂದ ಹೊರಬಂದ ಲಾರಿಯನ್ನು ಓಡಿಸಿ ನೋಡುವ ಕೆಲಸ. ಯುದ್ಧ ಮುಗಿದ ಮೇಲೂ ಕಂಪನಿ ಅವಳನ್ನು ಉಳಿಸಿಕೊಂಡಿತು. 1920ರ ಜನವರಿಯಲ್ಲಿ ಅವಳು ನ್ಯೂಯಾರ್ಕಿನ ವಾಹನ ಪ್ರದರ್ಶನಕ್ಕೆ ಹೋದಳು, ಆಮೇಲೆ ಊರೂರಿಗೆ ಹೋಗಿ ಲಾರಿ ಓಡಿಸಿ ತೋರಿಸಿದಳು. ಇವಳು ಹೊರಳಿಸುತ್ತಾಳೆ ಅಂದರೆ ಈ ಲಾರಿಯನ್ನು ಯಾರು ಬೇಕಾದರೂ ಹೊರಳಿಸಬಹುದು ಎಂದು ಸಾರುವುದು ಕಂಪನಿಯ ಲೆಕ್ಕ. ಆದರೆ ರಿಪೇರಿಯೂ ಅವಳೇ ಮಾಡಿಕೊಳ್ಳುತ್ತಿದ್ದಳು. ಈ ಕತೆಯಲ್ಲಿ ಅವಳ ಹೆಸರು ಇನ್ನೂ ಹೆಚ್ಚು ಕೇಳಿಬರಬೇಕು.

ಶಾಂತಿ ಬಂದ ಮೇಲೆ

ಶಾಂತಿ ಬಂದದ್ದು ಕಂಪನಿಗೆ ಪೆಟ್ಟೂ ಹೌದು. ಸೈನ್ಯದ ಬಳಿ ಬೇಡವಾದ ಲಾರಿಗಳ ರಾಶಿ ಉಳಿಯಿತು. ಸರ್ಕಾರ ಅವನ್ನು ರಸ್ತೆ ಕೆಲಸಕ್ಕೆಂದು ರಾಜ್ಯಗಳಿಗೆ ಹಂಚಿತು. ಬಿಟ್ಟಿ ಲಾರಿ ಸಿಗುವಾಗ ಹೊಸ ಲಾರಿ ಕೊಳ್ಳುವವರು ಯಾರು? ಆದರೆ ಆ ಲಾರಿಗಳೇ ರಾಜ್ಯ ರಾಜ್ಯದಲ್ಲಿ ಡ್ರೈವರುಗಳನ್ನು, ಮೆಕ್ಯಾನಿಕ್‌ಗಳನ್ನು ತಯಾರು ಮಾಡಿದವು. ಚಳಿಗಾಲದಲ್ಲಿ ಹಿಮ ಸರಿಸಲು ಇದಕ್ಕಿಂತ ಒಳ್ಳೆ ಗಾಡಿ ಇಲ್ಲ ಎಂದು ರಸ್ತೆ ಇಲಾಖೆಗಳಿಗೆ ಗೊತ್ತಾಯಿತು. ಬಿಡಿಭಾಗಗಳಿಗೆ ಬೇಡಿಕೆ ಬಂತು. ಎಫ್‌ಡಬ್ಲ್ಯೂಡಿ ಹಿಮ ಸರಿಸುವ ಲಾರಿ, ದಿಮ್ಮಿ ಸಾಗಿಸುವ ಲಾರಿ, ಅಗ್ನಿಶಾಮಕ ಗಾಡಿಗಳ ಕಡೆ ಹೊರಳಿತು. ವಿಚಿತ್ರವೆಂದರೆ ರೇಸಿಗೂ ಇಳಿಯಿತು. ಹ್ಯಾರಿ ಮಿಲ್ಲರ್ ಕಟ್ಟಿದ ಫೋರ್ ವೀಲ್ ಡ್ರೈವ್ ಕಾರು ಎಫ್‌ಡಬ್ಲ್ಯೂಡಿ ಹೆಸರಿನಲ್ಲಿ 1932ರ ಇಂಡಿಯಾನಾಪೊಲಿಸ್ 500ರಲ್ಲಿ ಓಡಿತು. 1936ರಲ್ಲಿ ಮೌರಿ ರೋಸ್ ಅದರಲ್ಲಿ ನಾಲ್ಕನೆಯವನಾಗಿ ಬಂದ.

ಸಾಮಾನ್ಯ ಪಿಕಪ್‌ಗೆ ಫೋರ್ ವೀಲ್ ತಲುಪಿದ್ದು ಬೇರೆ ದಾರಿಯಿಂದ. 1931ರಲ್ಲಿ ಆರ್ಥರ್ ಹೆರಿಂಗ್ಟನ್ ಎಂಬ ಇಂಜಿನಿಯರ್ ವಾಲ್ಟರ್ ಮಾರ್ಮನ್ ಜೊತೆ ಕಂಪನಿ ಕಟ್ಟಿದ. 1935ರಿಂದ ಅವರು ಫೋರ್ಡ್ ಲಾರಿಗಳಿಗೆ ಮುಂದಿನ ಡ್ರೈವ್ ಆಕ್ಸಲ್ ಜೋಡಿಸಿ ಕೊಡತೊಡಗಿದರು. ಈ ಹೆರಿಂಗ್ಟನ್ ಭಾರತಕ್ಕೂ ಬಂದಿದ್ದ. 1942ರಲ್ಲಿ ಹೆನ್ರಿ ಗ್ರೇಡಿ ನೇತೃತ್ವದಲ್ಲಿ ಬಂದ ಅಮೆರಿಕದ ತಾಂತ್ರಿಕ ತಂಡದಲ್ಲಿ ಅವನೂ ಒಬ್ಬ. ಯುದ್ಧಕ್ಕೆ ಬೇಕಾದ ಸಾಮಾನು ಇಲ್ಲಿ ಎಷ್ಟು ತಯಾರಾಗಬಹುದು ಎಂದು ನೋಡಲು ಬಂದ ತಂಡ ಅದು. 1946ರಲ್ಲಿ ಡಾಡ್ಜ್ ತನ್ನ ಸೈನ್ಯದ ಲಾರಿಯನ್ನೇ ಪವರ್ ವ್ಯಾಗನ್ ಹೆಸರಿನಲ್ಲಿ ಜನರಿಗೆ ಮಾರಿತು. ಮರುವರ್ಷ ಜೀಪ್ ತಯಾರಿಸುತ್ತಿದ್ದ ವಿಲ್ಲಿಸ್ ಕಂಪನಿಯ ಫೋರ್ ವೀಲ್ ಪಿಕಪ್ ಬಂತು. 1950ರ ದಶಕ ಮುಗಿಯುವುದರೊಳಗೆ ಜಿಎಂಸಿ, ಷೆವರ್ಲೆ, ಫೋರ್ಡ್ ಮೂರೂ ಕಾರ್ಖಾನೆಯಿಂದಲೇ ಫೋರ್ ವೀಲ್ ಪಿಕಪ್ ಕೊಡುತ್ತಿದ್ದವು.

ಕೀಲು ಮಾಡಿದ ಇಬ್ಬರೂ ಆ ಹೊತ್ತಿಗೆ ಎಫ್‌ಡಬ್ಲ್ಯೂಡಿಯಲ್ಲಿ ಇರಲಿಲ್ಲ. ಕಂಪನಿ ಬೆಳೆಯುವ ಮೊದಲೇ ಜಾಕೋ ಅದರಿಂದ ಹೊರಬಂದಿದ್ದ. ಬೆಸ್ಸರ್‌ಡಿಕ್ ಕೂಡ ಹೊರಬಂದ, ಆದರೆ ಸುಮ್ಮನೆ ಕೂರಲಿಲ್ಲ. 1917ರ ಮೇ 1ರಂದು ಬರ್ನ್‌ಹಾರ್ಡ್ ಮಾಸ್ಲಿಂಗ್ ಜೊತೆ ಸೇರಿ ಇನ್ನೊಂದು ಲಾರಿ ಕಂಪನಿ ಶುರು ಮಾಡಿದ. ಅದು ಆಶ್ಕಾಶ್ ಊರಿಗೆ ಹೋಗಿ ಅದೇ ಹೆಸರು ಪಡೆಯಿತು. ಇವತ್ತು ಅಮೆರಿಕದ ಸೈನ್ಯದ ಭಾರಿ ಲಾರಿಗಳನ್ನು ಕಟ್ಟುವ ಆಶ್ಕಾಶ್ ಅದೇ. ಆ ಕಂಪನಿಯ ಮೊದಲ ಲಾರಿಗೆ 'ಓಲ್ಡ್ ಬೆಟ್ಸಿ' ಎಂದು ಹೆಸರು. ಆ ಕಂಪನಿ ಅದನ್ನು ಇವತ್ತಿಗೂ ಜೋಪಾನ ಮಾಡಿಕೊಂಡಿದೆ. ಕ್ಲಿಂಟನ್‌ವಿಲ್‌ನವರು ಬ್ಯಾಟಲ್‌ಶಿಪ್ ಉಳಿಸಿಕೊಂಡರು.